ನಾನೇ ಉಳಿಸಿಟ್ಟ ಐದು ನಿಮಿಷ

ಕಾರ್ಕಳದಲ್ಲಿ ಅಣ್ಣ ತೆರೆಯಲಿದ್ದ ಟೈಲ್ಸ್ ಅಂಗಡಿಯನ್ನು ನೋಡಿಕೊಳ್ಳಲು ನಾನು ಒಪ್ಪಿದ್ದೆ ಎಂದು ಅಮ್ಮ ಹೇಳುತ್ತಿದ್ದಳು. ಒಪ್ಪಿರಲಿಲ್ಲ ಎಂದು ನಾನು. ಅವಳು ಕೋಣೆಯ ಬಾಗಿಲಲ್ಲಿ ನಿಂತು ಕೇಳಿದ್ದು, ನಾನು ಕುರ್ಚಿ ತಿರುಗಿಸಿ ‘ಬೇಡ’ ಎಂದದ್ದು, ಅವಳ ಕೈಯಲ್ಲಿದ್ದ ಒಗೆದ ಬಟ್ಟೆಯ ರಾಶಿ, ಎಲ್ಲ ಕಣ್ಣಿಗೆ ಕಟ್ಟಿದಂತಿತ್ತು. ಸಾಕ್ಷ್ಯವಿಲ್ಲದೆ ಏನನ್ನೂ ನಂಬಬಾರದೆಂದು ಮಣಿಪಾಲದಲ್ಲಿ ಓದಿ ಕಲಿತವನು ನಾನು. ಅಲ್ಲೇ ಸಂಶೋಧನೆಗೆ ಸೇರುವವನಿದ್ದೆ. ಅಷ್ಟರಲ್ಲಿ ದುಬೈಯಿಂದ ರಜೆಯಲ್ಲಿ ಕಾಪುವಿನ ಮನೆಗೆ ಬಂದ ಅಣ್ಣ, ಅಮ್ಮನ ಮಾತು ನಂಬಿ ಅಂಗಡಿಯ ಕರಾರಿಗೆ ಸಹಿ ಹಾಕಿ ಬೋರ್ಡನ್ನೂ ಬರೆಸಿಬಿಟ್ಟಿದ್ದ.

ಸಾಕ್ಷ್ಯ ನನ್ನ ಕಂಪ್ಯೂಟರಿನಲ್ಲೇ ಇತ್ತು. ನಾನು ಗೇಮ್ ಆಡುವಾಗ ರೆಕಾರ್ಡರ್ ಓಡುತ್ತಲೇ ಇರುತ್ತದೆ. ಕೊನೆಯ ಐದು ನಿಮಿಷವನ್ನಷ್ಟೇ ಹಿಡಿದಿಟ್ಟುಕೊಂಡು, ಹಳೆಯದನ್ನು ಬಿಡುತ್ತಾ ಹೋಗುತ್ತದೆ. ಚೆನ್ನಾಗಿ ಆಡಿದೆ ಅನಿಸಿದರೆ ಒಂದು ಕೀ ಒತ್ತಬೇಕು. ಆ ಐದು ನಿಮಿಷ ಕ್ಲಿಪ್ ಆಗಿ ಉಳಿಯುತ್ತದೆ. ಅಮ್ಮ ಕೇಳಿಹೋದ ಬೆನ್ನಿಗೇ ನಾನು ಗೆದ್ದಿದ್ದೆ, ಕೀ ಒತ್ತಿದ್ದೆ. ಮೈಕೂ ಆನ್ ಇತ್ತು.

“ಬನ್ನಿ, ಕೇಳಿಸ್ತೇನೆ,” ಎಂದು ಇಬ್ಬರನ್ನೂ ಕರೆದೆ. ಮೊದಲು ಒಬ್ಬನೇ ಕೇಳಿ ನೋಡಬೇಕೆಂದು ನನಗೆ ಹೊಳೆಯಲೇ ಇಲ್ಲ.

ಗುಂಡಿನ ಸದ್ದು, ನನ್ನ ಬೈಗುಳ. ಆಮೇಲೆ ಹಿಂದಿನಿಂದ ಅಮ್ಮನ ಸ್ವರ: “ಅಂಗಡಿಯಲ್ಲಿ ನೀನು ಕೂರ್ತಿಯಲ್ವಾ? ಅಣ್ಣನಿಗೆ ಹೇಳ್ಲಾ?”

“ಹ್ಞೂಂ.”

“ಸರಿ ಯೋಚಿಸಿ ಹೇಳು ಮಾರಾಯ.”

“ಯೋಚಿಸಿದೆ ಅಮ್ಮ. ಕೂರ್ತೇನೆ. ಹೇಳು ಅವನಿಗೆ.”

ಮತ್ತೆ ಗುಂಡು. ನಾನು ಗೆದ್ದ ಕೂಗು.

ಅಣ್ಣ ನಕ್ಕ. “ಎಂತ ಪ್ರೊಫೆಸರೇ, ಇನ್ನೊಮ್ಮೆ ಹಾಕ್ತೀರಾ?”

ಅಮ್ಮ ನಗಲಿಲ್ಲ. “ಈಗ ಬೇಡ ಅನಿಸಿದ್ರೆ ಬೇಡ ಅನ್ನು. ನಾನು ಸುಳ್ಳು ಹೇಳಿದೆ ಅಂತ ಮಾತ್ರ ಹೇಳ್ಬೇಡ.”

‘ಬೇಡ’ ಎನ್ನಲು ದಾರಿ ತೆರೆದೇ ಇತ್ತು. ಆದರೆ ವಾರವಿಡೀ ಅವಳ ಮಾತನ್ನು ಸುಳ್ಳು ಮಾಡಲು ಜಗಳವಾಡಿದವನಿಗೆ ಆ ಒಂದು ಮಾತಿಗೆ ಬಾಯಿ ಬರಲಿಲ್ಲ.

ಈಗ ದಿನಾ ಬೆಳಿಗ್ಗೆ ಕಾರ್ಕಳದ ಬಸ್ಸು ಹಿಡಿಯುತ್ತೇನೆ. ಗಿರಾಕಿಗಳಿಲ್ಲದ ಹೊತ್ತಿನಲ್ಲಿ, ಗೋಡೆಗೆ ಒರಗಿಸಿಟ್ಟ ಟೈಲ್ಸುಗಳ ನಡುವೆ ಕೂತು ಮೊಬೈಲಿನಲ್ಲಿ ಆ ಕ್ಲಿಪ್ ನೋಡುತ್ತೇನೆ. ಸ್ವರ ನನ್ನದೇ. ಅದಕ್ಕಿಂತ ನನ್ನನ್ನು ಕಾಡುವುದು ಪರದೆ: ಅಮ್ಮ ಮಾತಾಡುವಷ್ಟು ಹೊತ್ತೂ ನನ್ನ ಆಟಗಾರ ಓಡುತ್ತಲೇ, ಗುರಿಯಿಡುತ್ತಲೇ ಇದ್ದಾನೆ; ಒಂದು ಕ್ಷಣವೂ ನಿಂತಿಲ್ಲ. ಅಂದರೆ ನಾನು ತಿರುಗಿಯೇ ಇರಲಿಲ್ಲ. ಹಾಗಾದರೆ ಆ ಬಟ್ಟೆಯ ರಾಶಿಯನ್ನು ನಾನು ನೋಡಿದ್ದು ಯಾವಾಗ?