ಹಿದಾಯತನ ಎಂಟು ಇಂಚು

ದಾವಣಗೆರೆಯ ಹಳೇ ಪಿ.ಬಿ. ರಸ್ತೆಯಲ್ಲಿ ಕಾರಿಗೆ ಸೀಟ್ ಕವರ್, ಟೇಪು, ಸ್ಪೀಕರ್ ಹಾಕುವ ಅಂಗಡಿಗಳು ಒಂದಕ್ಕೊಂದು ಭುಜ ತಾಗಿಸಿಕೊಂಡು ಕೂತಿವೆ. ಯಾವ ಅಂಗಡಿಗೆ ಹೋದರೂ ಮೊದಲು ಕೇಳುವುದು 'ಯಾವ ಗಾಡಿ?' ಎಂದು. ಹಿದಾಯತ್ ಮಾತ್ರ 'ಎಷ್ಟೈತೆ?' ಎನ್ನುತ್ತಾನೆ. ಗಿರಾಕಿ ಮುಜುಗರಪಟ್ಟುಕೊಂಡು ಒಂದು ಅಂಕಿ ಹೇಳುತ್ತಾನೆ. ಅದಕ್ಕಿಂತ ಸಾವಿರವಾದರೂ ಹೆಚ್ಚು ಅವನ ಜೇಬಿನಲ್ಲಿದೆ ಎಂದು ಹಿದಾಯತನಿಗೆ ಗೊತ್ತು. ಇವನಿಗೆ ಗೊತ್ತಾಯಿತೆಂದು ಗಿರಾಕಿಗೂ ಗೊತ್ತು. ಅಲ್ಲಿಂದ ಮುಂದೆ ವ್ಯಾಪಾರ ಸಲೀಸು.

ಅವನ ಅಪ್ಪ ತೊಟ್ಟಿಲು ಮಾಡುವ ಬಡಗಿ. ಸಾಗುವಾನಿ ತೊಟ್ಟಿಲಿಗೆ ಮೊಳೆ ಹೊಡೆಯದೆ ಬರೀ ಕಚ್ಚಿನಿಂದ ಮೂಲೆ ಕೂಡಿಸುತ್ತಿದ್ದ ಕೈ ಅದು. ಮಗ ಅದೇ ಉಳಿ, ಅದೇ ಗರಗಸ ಹಿಡಿದು ಸ್ಪೀಕರ್ ಪೆಟ್ಟಿಗೆ ಮಾಡುತ್ತಾನೆ. "ಮಾವ ಮಕ್ಕಳನ್ನ ಮಲಗ್ಸಾಕೆ ಮಾಡ್ತಿದ್ರು, ಇವ್ರು ಊರನ್ನ ಎಬ್ಬಸಾಕೆ ಮಾಡ್ತಾರೆ" ಎಂಬುದು ಹೆಂಡತಿ ನಸೀಮಾಳ ಷರಾ. ಹಿದಾಯತ್ ಇದನ್ನು ಹೊಗಳಿಕೆ ಎಂದೇ ತಿಳಿದಿದ್ದಾನೆ. ಇಪ್ಪತ್ತು ವರ್ಷದ ಸಂಸಾರದಲ್ಲಿ ಅಷ್ಟು ಜಾಣತನ ಅವನಿಗೂ ಬಂದಿದೆ.

ಅಮಾವಾಸ್ಯೆಗೆ ಒಂದು ವಾರವಿದ್ದಾಗ ಹರಿಹರದಿಂದ ಮರುಳಸಿದ್ದಮ್ಮ ಬಂದಳು. ಐವತ್ತಾರು ವಯಸ್ಸು, ಮಂಡಕ್ಕಿ ವ್ಯಾಪಾರ, ಸ್ವಂತ ಓಮ್ನಿ. ಅದನ್ನು ತಾನೇ ಓಡಿಸುತ್ತಾಳೆ. ಗೇರು ಬೀಳದಿದ್ದರೆ ಗೇರಿಗೇ ಬೈಯುತ್ತಾಳೆ, ಅದು ಹೆದರಿ ಬೀಳುತ್ತದೆ. ಬಂದವಳು ಕೈಚೀಲದಿಂದ ಒಂದು ಆಂಪ್ಲಿಫೈಯರ್ ತೆಗೆದು ಗಲ್ಲಾದ ಮೇಲಿಟ್ಟಳು. ಮೇಲೆ ಬಂಗಾರದ ಬಣ್ಣದಲ್ಲಿ '2000 ವ್ಯಾಟ್' ಎಂದು ಹೊಳೆಯುತ್ತಿತ್ತು.

"ಎಕ್ಸಿಬಿಷನ್ನಾಗೆ ತಗಂಡೆ ಸಾಬ್ರೆ. ಹದಿನೆಂಟು ನೂರು. ಇದಕ್ಕೊಂದು ಹನ್ನೆರಡು ಇಂಚಿನ, ಗುಮ್ ಅನ್ನೋ ಊಫರ್ ಸ್ಪೀಕರ್ ಜೋಡಿ ಮಾಡಿಕೊಡ್ರಿ. ನಮ್ಮ ಬೀದಿ ನಿರ್ಮಲಮ್ಮನ ಗಾಡ್ಯಾಗೆ ಅಷ್ಟು ದೊಡ್ಡದೇ ಐತೆ."

"ಎಷ್ಟೈತೆ ಅಕ್ಕಾರೆ?"

"ನಾಲ್ಕೂವರೆ ಸಾವ್ರ."

ಐದೂವರೆ, ಎಂದು ಹಿದಾಯತ್ ಮನಸ್ಸಿನಲ್ಲೇ ಬರೆದುಕೊಂಡ. ಆದರೆ ಆಕೆಯ ಮುಖ ನೋಡಿದ ಮೇಲೆ ಅದನ್ನು ಅಳಿಸಿದ. ಅವಳೂ ವ್ಯಾಪಾರಸ್ಥೆಯೇ, ನಾಲ್ಕೂವರೆ ಎಂದರೆ ನಿಜಕ್ಕೂ ನಾಲ್ಕೂವರೆಯೇ ಇತ್ತು.

"ಊಫರ್ ಯಾಕ ಈಗ?"

ಮರುಳಸಿದ್ದಮ್ಮ ಸ್ಟೂಲು ಎಳೆದುಕೊಂಡು ಕೂತಳು. ಪ್ರತಿ ಅಮಾವಾಸ್ಯೆ ಅವಳ ಓಮ್ನಿ ಬೀದಿಯ ಆರು ಜನ ಹೆಂಗಸರನ್ನು ತುಂಬಿಕೊಂಡು ಉಕ್ಕಡಗಾತ್ರಿಯ ಗುಡಿಗೆ ಹೋಗುತ್ತದೆ. ಏಳು ವರ್ಷದಿಂದ ಇದು ತಪ್ಪಿಲ್ಲ. ಹೋಗುವಾಗ ಹಾಡು, ಬರುವಾಗ ಊರವರ ಸುದ್ದಿ. ಈಗ ಅದೇ ಬೀದಿಯ ನಿರ್ಮಲಮ್ಮ ಹೊಸ ಗಾಡಿ ತಂದು, ಮಗನ ಕೈಯಲ್ಲಿ ದೊಡ್ಡ ಊಫರ್ ಹಾಕಿಸಿದ್ದಾಳೆ. ಹೋದ ಅಮಾವಾಸ್ಯೆ ಇಬ್ಬರು ಅತ್ತ ಹೋದರು. ಉಳಿದ ನಾಲ್ವರೂ ಒಂದು ಕಾಲು ಅಲ್ಲಿಟ್ಟಿದ್ದಾರೆ.

"ಬಾಡಿಗೆ ಹೋದ್ರೆ ಹೋಗ್ಲಿ ಬಿಡ್ರಿ. ಆ ಆರು ಬಾಯಿ ಇಲ್ದೆ ನಾನೊಬ್ಳೇ ಮಂಡಕ್ಕಿ ಚೀಲದ ಜೋಡಿ ಮಾತಾಡ್ಕೊಂತ ಹೋಗ್ಲಾ?"

ಹಿದಾಯತ್ ಆಂಪ್ಲಿಫೈಯರನ್ನು ಬೋರಲು ಮಾಡಿ, ಹಿಂದಿದ್ದ ಫ್ಯೂಜನ್ನು ಉಗುರಿನಿಂದ ಎಬ್ಬಿಸಿ ಅವಳ ಅಂಗೈಗೆ ಹಾಕಿದ.

"ಎಷ್ಟು ಅಂತ ಬರದೈತೆ?"

"ಇಪ್ಪತ್ತು."

"ಗಾಡಿ ಬ್ಯಾಟರಿ ಹನ್ನೆರಡು ವೋಲ್ಟು. ಹನ್ನೆರಡು ಇಪ್ಪತ್ಲೆ ಇನ್ನೂರ ನಲವತ್ತು. ಅದಕ್ಕಿಂತ ಜಾಸ್ತಿ ಉಂಡ್ರೆ ಈ ಫ್ಯೂಜ್ ಸುಟ್ಟು ಹೋಗ್ತೈತೆ. ಉಂಡಿದ್ರಾಗೆ ಅರ್ಧ ಬಿಸಿ ಆಗಿ ಹೋಗ್ತೈತೆ. ಉಳಿಯೋದು ನೂರ ಇಪ್ಪತ್ತು ವ್ಯಾಟು."

"ಮತ್ತೆ ಮೇಲೆ ಎರಡು ಸಾವ್ರ ಅಂತ ಬರದೈತಲ್ರಿ!"

"ಬರೆಯೋದಕ್ಕೆ ಏನು ಖರ್ಚು ಅಕ್ಕಾರೆ? ಮುಂದ್ಗಡೆ ಬರೆದೋನು ಮಾರೋನು, ಹಿಂದ್ಗಡೆ ಫ್ಯೂಜ್ ಹಾಕಿದೋನು ಕೆಲಸದೋನು."

ಮರುಳಸಿದ್ದಮ್ಮ ಆಂಪ್ಲಿಫೈಯರನ್ನು ಮೋಸ ಮಾಡಿದ ಅಳಿಯನನ್ನು ನೋಡುವಂತೆ ನೋಡಿದಳು. "ಹಂಗಾರೆ ಎಸೀಲಾ ಇದನ್ನ?"

"ಬ್ಯಾಡ್ರಿ. ಸುಳ್ಳು ಹೇಳ್ತೈತೆ, ಆದ್ರೆ ದುಡೀತೈತೆ. ಇದಕ್ಕೆ ತಕ್ಕ ಜೋಡಿ ಹುಡುಕೋಣ."

ಹಿದಾಯತನ ಲೆಕ್ಕ ಎಲ್ಲರದಕ್ಕಿಂತ ಉಲ್ಟಾ. ಜನ ಮೊದಲು ಸ್ಪೀಕರ್ ಕೊಂಡು, ಉಳಿದದ್ದರಲ್ಲಿ ಪೆಟ್ಟಿಗೆ ಮಾಡಿಸಿ, ಕೊನೆಗೆ ನೂಲಿನಂಥ ವೈರು ಎಳೆಸುತ್ತಾರೆ. ಇವನು ಮೊದಲು ಬ್ಯಾಟರಿಯಿಂದ ಹಿಂದಿನವರೆಗೆ ದಪ್ಪ ತಾಮ್ರದ ವೈರಿನ ದುಡ್ಡು ತೆಗೆದಿಡುತ್ತಾನೆ, ಆಮೇಲೆ ಪ್ಲೈವುಡ್ಡಿನದು. ಉಳಿದದ್ದರಲ್ಲಿ ಏನು ಬರುತ್ತದೋ ಅದೇ ಸ್ಪೀಕರ್. ಹೀಗೆ ಕಳೆದು ಕಳೆದು ಮರುಳಸಿದ್ದಮ್ಮನ ಪಾಲಿಗೆ ಉಳಿದದ್ದು ಎಂಟು ಇಂಚು. ಅದರಲ್ಲಿ ಹಿದಾಯತನಿಗೆ ಎಷ್ಟು ಉಳಿಯಿತೆಂದು ಇಲ್ಲಿ ಬರೆಯುವುದು ವ್ಯಾಪಾರಧರ್ಮವಲ್ಲ.

"ಎಂಟಾ? ಇದು ಪೂರಿ ಸೈಜೈತೆ!" ಎಂದಳು ಆಕೆ.

"ನಿರ್ಮಲಮ್ಮನೋರ ಹನ್ನೆರಡಕ್ಕೆ ಈ ಆಂಪು ಹಾಕಿದ್ರೆ, ಗೂಳಿಗೆ ಬೆಕ್ಕಿನ ಬಟ್ಟಲಲ್ಲಿ ಹಾಲಿಟ್ಟಂಗೆ. ಈ ಎಂಟು ನೂರೈವತ್ತು ವ್ಯಾಟು ತಡೀತೈತೆ, ಆಂಪು ನೂರಿಪ್ಪತ್ತು ಕೊಡ್ತೈತೆ. ಇಬ್ರಿಗೂ ಜಗಳಿಲ್ಲ. ಪೆಟ್ಟಿಗೆಗೆ ಗಾಳಿಬಾಯಿ ಇಡ್ತೀನಿ. ಬಾಯಿ ಇರೋ ಪೆಟ್ಟಿಗೆ ಕಡಿಮೆ ಉಂಡು ಜಾಸ್ತಿ ಕೂಗ್ತೈತೆ."

"ನಮ್ಮ ಗುಂಪಿನ ಉಮಾಮಹೇಶ್ವರಿ ಇದ್ದಂಗೆ" ಎಂದು ಆಕೆ ಒಪ್ಪಿಕೊಂಡಳು. ಏಳುವಾಗ ಮಾತ್ರ ಬೆರಳೆತ್ತಿ ಹೇಳಿದಳು: "ಅಮಾಸಿ ದಿನ ನೀವೇ ಬಂದು ನಿಂದ್ರಬೇಕು. ಅದು ಗುಮ್ ಅನ್ನಲಿಲ್ಲ ಅಂದ್ರೆ ಆ ಹೆಂಗಸ್ರ ಮುಂದೆ ನಾನೊಬ್ಳೇ ಮಾನ ಕಳ್ಕಳಾಕೆ ತಯಾರಿಲ್ಲ."

ಹಿದಾಯತ್ ಮೂರು ದಿನ ಕೂತು ಪೆಟ್ಟಿಗೆ ಮಾಡಿದ. ಅಪ್ಪನ ಕಚ್ಚು, ತನ್ನ ಅಂಟು. ಕೆಳಮೂಲೆಯಲ್ಲಿ ಮುಷ್ಟಿ ಹಿಡಿಸುವಷ್ಟು ಗಾಳಿಬಾಯಿ. ಓಮ್ನಿಯ ಹಿಂದಿನ ಸೀಟಿನ ಬೆನ್ನಿಗೆ ಒರಗಿಸಿ, ಬಾಯಿ ಹಿಂಬಾಗಿಲಿನ ಕಡೆ ಬರುವಂತೆ ಬಿಗಿದ. ಅಂಗಡಿ ಮುಂದೆ ಡೊಳ್ಳಿನ ಪದ ಹಚ್ಚಿದಾಗ ಎದುರಿನ ಚಹಾದಂಗಡಿಯ ಗ್ಲಾಸುಗಳು ಕಿಣಿಕಿಣಿ ಎಂದವು. ಮರುಳಸಿದ್ದಮ್ಮ ಎದೆ ಮುಟ್ಟಿಕೊಂಡು, "ಇಲ್ಲಿಗೇ ಬಂತು ನೋಡ್ರಿ" ಎಂದಳು. ಪೂರಿಯ ಮಾತು ಮತ್ತೆ ಬರಲಿಲ್ಲ.

ಅಮಾವಾಸ್ಯೆಯ ಬೆಳಿಗ್ಗೆ ಏಳಕ್ಕೆ ಹಿದಾಯತ್ ಹರಿಹರದ ಆ ಬೀದಿಯಲ್ಲಿ ಇಸ್ತ್ರಿ ಹಾಕಿದ ಅಂಗಿ ತೊಟ್ಟು ನಿಂತಿದ್ದ. ಹತ್ತು ಗಂಟೆಗೆ ಅಂಗಡಿ ತೆರೆಯಲು ವಾಪಸ್ ಹೋಗುವುದು ಅವನ ಲೆಕ್ಕ. ಮುಂದೆ ಓಮ್ನಿ, ಅದರ ಹಿಂದೆ ನಿರ್ಮಲಮ್ಮನ ಹೊಸ ಗಾಡಿ. ಅದರಲ್ಲಿ ಹೋದ ಸಲದ ಇಬ್ಬರು ಆಗಲೇ ಕೂತಿದ್ದರು. ಉಳಿದ ನಾಲ್ವರು ನಡುವೆ ನಿಂತು, ಯಾವುದಕ್ಕೂ ಮುಖ ಕೊಡದೆ ಕುಚ್ಚು ಕಟ್ಟಿದ ಸೆರಗು ಸರಿಮಾಡಿಕೊಳ್ಳುತ್ತಿದ್ದರು. ಅವರ ಮುಂದಾಳು ಉಮಾಮಹೇಶ್ವರಿ; ಅವಳು ಎಲ್ಲಿ ಹತ್ತುತ್ತಾಳೋ ಉಳಿದವರೂ ಅಲ್ಲೇ.

"ಹಚ್ಚು ನೋಡೋಣ ಸಿದ್ದಮ್ಮ" ಎಂದಳು ಉಮಾಮಹೇಶ್ವರಿ.

ಮರುಳಸಿದ್ದಮ್ಮ ಹಚ್ಚಿದಳು. ಪದ ಬಂತು, ತಾಳ ಬಂತು, ಡೊಳ್ಳು ಮಾತ್ರ ಪಕ್ಕದ ಮನೆಯ ಮುದುಕ ಕೆಮ್ಮಿದಷ್ಟು ಕೇಳಿಸಿತು.

ಹಿದಾಯತನ ಬೆನ್ನಿನ ಮೇಲೆ ಇಸ್ತ್ರಿ ಅಂಗಿ ಅಂಟಿಕೊಂಡಿತು. ಮುಂದಿನ ಬಾಗಿಲ ಕಡೆ ಓಡಿ ಫ್ಯೂಜ್ ನೋಡಿದ, ಸರಿಯಿತ್ತು. ಸೀಟಿನ ಕೆಳಗೆ ವೈರು ಎಳೆದು ನೋಡಿದ, ಗಟ್ಟಿಯಿತ್ತು. ಆಂಪಿನ ದನಿ ಹೆಚ್ಚಿಸುವ ತಿರುಪನ್ನು ಕೊನೆಯವರೆಗೆ ತಿರುಗಿಸಿದ. ಮುದುಕ ಇನ್ನೊಂದು ಸಲ ಕೆಮ್ಮಿದ, ಅಷ್ಟೇ.

"ಏನ್ರೀ ಸಿದ್ದಮ್ಮಾರೆ, ಇವತ್ತು ಡೊಳ್ಳಿಗೂ ಉಪವಾಸನಾ?" ಎಂದು ನಿರ್ಮಲಮ್ಮ ಕಿಟಕಿಯಿಂದಲೇ ಕೇಳಿ, ತನ್ನ ಗಾಡಿಯ ಹಾಡು ಜೋರು ಮಾಡಿದಳು. ಬೀದಿ ನಡುಗಿತು. ಉಮಾಮಹೇಶ್ವರಿ ಅತ್ತ ಎರಡು ಹೆಜ್ಜೆ ಇಟ್ಟಳು. ಮರುಳಸಿದ್ದಮ್ಮ ಗೇರಿಗೂ ಬೈಯದೆ ಸ್ಟೇರಿಂಗ್ ಹಿಡಿದು ಕೂತಳು.

ಪೆಟ್ಟಿಗೆ ಉಸಿರಾಡುತ್ತಿದೆಯೋ ಇಲ್ಲವೋ ನೋಡೋಣವೆಂದು ಹಿದಾಯತ್ ಹಿಂಬಾಗಿಲು ಎತ್ತಿ, ಗಾಳಿಬಾಯಿಗೆ ಅಂಗೈ ಒಡ್ಡಲು ಹೋದ. ಬಾಯಿ ಸಿಗಲಿಲ್ಲ. ಸಿಕ್ಕಿದ್ದು ಚೀಲ. ಉಕ್ಕಡಗಾತ್ರಿಯಲ್ಲಿ ಮಾರಲೆಂದು ಮರುಳಸಿದ್ದಮ್ಮ ಮೂರು ಚೀಲ ಮಂಡಕ್ಕಿಯನ್ನು ಮೊಣಕಾಲಿನಿಂದ ಒತ್ತೊತ್ತಿ, ಪೆಟ್ಟಿಗೆಗೆ ಆತುಕೊಳ್ಳುವಂತೆ ತುರುಕಿದ್ದಳು. ಏಳು ವರ್ಷದಿಂದ ತುರುಕುವ ಜಾಗ ಅದೇ. ಖಾಲಿ ಗಾಡಿಯಲ್ಲಿ ಪರೀಕ್ಷೆ ಮಾಡಿದ್ದ ಹಿದಾಯತನಿಗೆ ಮಂಡಕ್ಕಿ ವ್ಯಾಪಾರಸ್ಥೆಯ ಗಾಡಿಯಲ್ಲಿ ಮಂಡಕ್ಕಿ ಇರುತ್ತದೆ ಎಂಬುದು ಹೊಳೆದಿರಲಿಲ್ಲ.

"ಅಕ್ಕಾರೆ, ಬಾಯಿಗೇ ಬಟ್ಟೆ ತುರುಕೀರಲ್ರೀ!" ಎನ್ನುತ್ತಾ ಚೀಲ ಹಿಡಿದು ಜಗ್ಗಿದ. ಅವಸರದಲ್ಲಿ ಚೀಲದ ಕಟ್ಟು ಬಿಚ್ಚಿತು. ತಿರುಪು ಕೊನೆಯವರೆಗೆ ತಿರುಗಿಸಿಟ್ಟದ್ದು ಅವನಿಗೆ ನೆನಪಿರಲಿಲ್ಲ.

ಗುಮ್!

ಗಾಳಿಬಾಯಿಯ ಮುಂದೆ ಸುರಿದ ಮಂಡಕ್ಕಿ ಒಂದೇ ಏಟಿಗೆ ಬಾಗಿಲಾಚೆ ಹಾರಿತು. ಹಿದಾಯತನ ಗಡ್ಡದಲ್ಲಿ, ಉಮಾಮಹೇಶ್ವರಿಯ ಕನಕಾಂಬರದಲ್ಲಿ, ಉಳಿದ ಮೂವರ ಸೆರಗಿನಲ್ಲಿ ಮಂಡಕ್ಕಿ. ಡೊಳ್ಳಿನ ಒಂದೊಂದು ಪೆಟ್ಟಿಗೆ ಒಂದೊಂದು ಹಿಡಿ. ನಿರ್ಮಲಮ್ಮನ ಹಾಡು ಏನಾಯಿತೆಂದು ಯಾರಿಗೂ ಕೇಳಲಿಲ್ಲ. ಬೀದಿ ತುಂಬ ನಗುವೇ ಇತ್ತು. ಸ್ಟೇರಿಂಗಿನ ಮೇಲೆ ಹಣೆಯಿಟ್ಟು ನಗುತ್ತಿದ್ದ ಮರುಳಸಿದ್ದಮ್ಮನಿಂದ ಹಾರನ್ ಒತ್ತಿಹೋಗಿ ಅದೂ ತಾಳ ಹಾಕಿತು.

ಉಮಾಮಹೇಶ್ವರಿ ತಲೆಯಿಂದ ನಾಲ್ಕು ಕಾಳು ಆರಿಸಿ ಬಾಯಿಗೆ ಹಾಕಿಕೊಂಡು ಅಗಿದಳು. "ನಿರ್ಮಲಮ್ಮ, ನಿನ್ನ ಗಾಡ್ಯಾಗೆ ಬರೀ ಕಿವಿಗೆ ಐತೆ. ಇಲ್ಲಿ ಬಾಯಿಗೂ ಐತವ್ವ" ಎಂದು ಓಮ್ನಿ ಹತ್ತಿದಳು. ಮೂವರು ಹಿಂದೆಯೇ ಹತ್ತಿದರು. ಅತ್ತ ಕೂತಿದ್ದ ಇಬ್ಬರೂ, "ಚಪ್ಪಲಿ ಆ ಗಾಡ್ಯಾಗೆ ಐತೆ ಅನ್ಸತೈತೆ" ಎಂದು ಯಾರೂ ಕೇಳದ ಕಾರಣ ಹೇಳಿಕೊಂಡು ಇಳಿದು ಬಂದರು.

ಆರು ಜನ ಆದರು. ಉಳಿದದ್ದು ಚೀಲದ ಪ್ರಶ್ನೆ. ಹಿಂದೆ ಇಡುವಂತಿಲ್ಲ, ಮಾಲು ಬಿಟ್ಟುಹೋಗುವವಳು ಮರುಳಸಿದ್ದಮ್ಮನಲ್ಲ. ಎರಡು ಚೀಲ ಹೆಂಗಸರ ಕಾಲ ಕೆಳಗೆ ಹೋದವು. ಅರ್ಧ ಖಾಲಿಯಾದ ಮೂರನೆಯದಕ್ಕೆ ಮುಂದಿನ ಸೀಟಿನಲ್ಲಿ ಒಂದು ತೊಡೆ ಬೇಕಿತ್ತು.

"ಕೂಡ್ರಿ ಸಾಬ್ರೆ."

"ನಾನಾ? ಅಕ್ಕಾರೆ, ಹತ್ತಕ್ಕೆ ಅಂಗಡಿ..."

"ಚೀಲ ಬಿಚ್ಚಿದೋರು ಯಾರು? ಹಿಡ್ಕೊಂಡು ಕೂಡ್ರಿ."

ಓಮ್ನಿ ಹೊರಟಾಗ ಹಿದಾಯತ್ ಮಂಡಕ್ಕಿ ಚೀಲವನ್ನು ಕೂಸಿನಂತೆ ಅಪ್ಪಿಕೊಂಡು ನಸೀಮಾಳಿಗೆ ಫೋನು ಮಾಡಿದ. ಹಿಂದಿನಿಂದ ಡೊಳ್ಳು, ಅದರ ಮೇಲೆ ಆರು ಬಾಯಿಯ ಪದ.

"ಎಲ್ಲಿದ್ದೀರಿ?" ಎಂದು ಅವಳು ಕೂಗಿದಳು.

"ಉಕ್ಕಡಗಾತ್ರಿಗೆ ಹೊಂಟೀನಿ."

"ಯಾರ ಜೋಡಿ?"

ಅವನು ಬಾಯಿ ತೆರೆಯುವ ಮೊದಲೇ ಉಮಾಮಹೇಶ್ವರಿ ಮುಂದೆ ಬಗ್ಗಿ ಫೋನಿಗೆ ಹೇಳಿದಳು: "ನಮ್ಮ ಏಳು ಜನದ ಜೋಡಿ ಕಣವ್ವ. ಸಂಜಿಗೆ ಕಳಿಸ್ತೀವಿ, ಅನ್ನ ಇಟ್ಟಿರು."