ಮಿಲ್ಲಿನ ಪೊರ್ಬುಗಳು ಮೇಲೆ ನೋಡಿದ್ದು

ಮೊನ್ನೆ ರಾಗಿಹಿಟ್ಟಿನ ಡಬ್ಬದ ಮುಚ್ಚಳ ತೆಗೆದರೆ ಮುಗ್ಗಲು ವಾಸನೆ. ಚಮಚ ಹಾಕಿದೆ. ಹಿಟ್ಟು ಹುಡಿಯಾಗಿ ಬರಲಿಲ್ಲ, ಜೇಡರ ಬಲೆಯಂಥ ನೂಲಿಗೆ ಅಂಟಿಕೊಂಡು ಗಂಟುಗಂಟಾಗಿ ಎದ್ದು ಬಂತು. ಹುಳ ಕಂಡು ಹೆದರುವ ಜನ ನಾನಲ್ಲ. ನೆನಪಾದದ್ದು ಮಿಲ್ಲಿನ ಪೊರ್ಬುಗಳು... ನನ್ನ ಬಾಯಿಂದ ಹಾಳಾದ ಮನುಷ್ಯ.

ಊರಿನ ಕ್ರಿಶ್ಚಿಯನ್ ಗಂಡಸರನ್ನು ನಾವು ತುಳುವರು ಪೊರ್ಬುಗಳು ಎಂದೇ ಕರೆಯುವುದು. ನೆಕ್ರಾಜೆಯ ನಮ್ಮ ಮನೆಯಿಂದ ರಸ್ತೆಗೆ ಇಳಿದರೆ ಅವರ ಹಿಟ್ಟಿನ ಮಿಲ್ಲು. ಮೈಯೆಲ್ಲ ಹಿಟ್ಟು, ಹುಬ್ಬೂ ಬಿಳಿ. ಒಬ್ಬರ ಗೋಧಿ ಬೀಸಿದ ಮೇಲೆ ಯಂತ್ರ ಗುಡಿಸದೆ ಇನ್ನೊಬ್ಬರ ರಾಗಿ ಹಾಕಿದವರಲ್ಲ. ನಾನು ಹೋದರೆ, "ಮಗುವಿಗಲ್ಲವಾ? ಸ್ವಲ್ಪ ನಿಲ್ಲಿ ಅಕ್ಕ" ಎಂದು ಮತ್ತೊಮ್ಮೆ ಗುಡಿಸುತ್ತಿದ್ದರು.

ಮಗಳಿಗೆ ಆಗ ಎಂಟು ತಿಂಗಳು. ಅವಳು ಉಗುಳದೆ ನುಂಗುತ್ತಿದ್ದದ್ದು ರಾಗಿ ಮಣ್ಣಿ ಒಂದನ್ನೇ. ಒಂದು ಬೆಳಿಗ್ಗೆ ಅರ್ಧ ಬಟ್ಟಲು ತಿನ್ನಿಸಿದ ಮೇಲೆ ನೋಡುತ್ತೇನೆ, ಮಣ್ಣಿಯಲ್ಲಿ ಬೆಂದ ಹುಳ. ಅಯ್ಯೋ ದೇವರೇ! ಡಬ್ಬ ಹೊತ್ತುಕೊಂಡು ಓಡಿದೆ. ಶನಿವಾರ, ಮಿಲ್ಲಿನ ತುಂಬ ಜನ. ಅಷ್ಟೂ ಜನರ ಎದುರು ಹಿಟ್ಟನ್ನು ಅವರ ಮೇಜಿನ ಮೇಲೆ ಸುರಿದೆ.

"ಹುಳ ಬೀಸಿ ಕೊಡುವುದಾ ಪೊರ್ಬುಗಳೇ ನೀವು? ಮಗುವಿನ ಹೊಟ್ಟೆಗೆ ಹೋಯಿತು!"

ಅವರು ಹಿಟ್ಟನ್ನು ಬೆರಳಿನಿಂದ ಬಿಡಿಸಿ ನೋಡಿದರು. "ಇದು ಬೀಸಿ ಎಷ್ಟು ದಿನ ಆಯಿತು ಅಕ್ಕ?" ಎಂದು ಕೇಳಿದರು, ಮೆಲ್ಲಗೆ. ಒಂದು ತಿಂಗಳು ದಾಟಿತ್ತು. ಹೇಳಿದೆನೇ? ಎಲ್ಲಿಂದ! "ಎಷ್ಟಾದರೆ ಎಂತ?" ಎಂದು ಇನ್ನೂ ಜೋರು ಮಾಡಿದೆ. ಸರದಿಯಲ್ಲಿದ್ದ ಇಬ್ಬರು ಹೆಂಗಸರು ಚೀಲದ ಬಾಯಿ ಕಟ್ಟಿಕೊಂಡು ಹೊರಟುಹೋದರು.

ಮನೆಯಲ್ಲಿ ಅಸಲು ಕಥೆ ಸುರುವಾದದ್ದು ಆಮೇಲೆ. ಸಂಜೆಯಾದರೆ ಅಡಿಗೆಕೋಣೆಯಲ್ಲಿ ಸಣ್ಣ ಸಣ್ಣ ಹಾತೆಗಳು ಅಂಕುಡೊಂಕಾಗಿ ಹಾರುತ್ತಿದ್ದವು. ರೆಕ್ಕೆಯ ಬುಡ ಬೂದಿ ಬಣ್ಣ, ತುದಿ ತಾಮ್ರದ ಬಣ್ಣ. ಗೋಧಿ, ರವೆ, ಕಡ್ಲೆಹಿಟ್ಟು, ಒಣಮೆಣಸು ಎಲ್ಲ ಚೆಲ್ಲಿದೆ. ಡಬ್ಬಗಳನ್ನು ಕುದಿನೀರಿನಲ್ಲಿ ತೊಳೆದು ಬಿಸಿಲಿಗೆ ಒಣಗಿಸಿದೆ. ಬೇವಿನ ಸೊಪ್ಪು ಇಟ್ಟೆ, ಲವಂಗ ಇಟ್ಟೆ. ಹತ್ತು ದಿನ ಸುಮ್ಮನಿದ್ದು ಮತ್ತೆ ಬಂದವು! ಊಟದ ನಡುವೆ ಎದ್ದು ಗೋಡೆಗೆ ಹೊಡೆಯುತ್ತಿದ್ದೆ. ಬಟ್ಟಲಿನ ಮೇಲೆ ಬಟ್ಟೆ ಮುಚ್ಚಿ ಮಗಳಿಗೆ ಉಣಿಸುತ್ತಿದ್ದೆ. ಪ್ರತಿ ತುತ್ತನ್ನೂ ಬೆಳಕಿಗೆ ಹಿಡಿದು ನೋಡುವ ನನ್ನ ಮುಖ ನೋಡಿಯೇ ಅವಳು ಅಳುತ್ತಿದ್ದಳು. ತೂಕ ಇಳಿಯುತ್ತಾ ಬಂತು. "ಒಂದು ಹಾತೆಗೆ ಇಷ್ಟು ರಂಪವಾ ಮಾರಾಯ್ತಿ?" ಎಂದು ಗಂಡ ನಕ್ಕರು. ಅವತ್ತು ನಾನು ಸಾರಿನ ಪಾತ್ರೆ ಎತ್ತಿ ಅಂಗಳಕ್ಕೆ ಎಸೆದೆ. ಹುಚ್ಚು ಹಿಡಿಯುವುದೊಂದು ಬಾಕಿ ಇತ್ತು.

ಅಂಥ ಹೊತ್ತಿನಲ್ಲಿ ಪೊರ್ಬುಗಳು ಕರೆಯದೆ ಬಂದರು. ಕಂಕುಳಲ್ಲಿ ಎರಡು ಗಾಜಿನ ಭರಣಿ. ಮಿಲ್ಲಿನಲ್ಲಿ ಅಷ್ಟು ಮಾತು ಕೇಳಿಯೂ ಬಂದರು! ಅತ್ತೆ ಬಾಗಿಲಲ್ಲೇ ನಿಂತಿದ್ದರು.

"ಬೇವಿನ ಸೊಪ್ಪಿಗೆ ಇದು ಬಗ್ಗುವುದಿಲ್ಲ ಅಕ್ಕ. ಹೊಸ ಹಿಟ್ಟನ್ನು ಒಂದು ವಾರ ಫ್ರೀಜರಿನಲ್ಲಿಡಿ, ಮೊಟ್ಟೆ ಸಾಯುತ್ತದೆ. ಮತ್ತೆ ಗಾಜಿನ ಭರಣಿಗೆ ಹಾಕಿ ಬಿಗಿ ಮುಚ್ಚಿ. ಪ್ಲಾಸ್ಟಿಕ್ ತೊಟ್ಟೆಯನ್ನು ಅದು ಕೊರೆಯುತ್ತದೆ. ಸ್ವಲ್ಪ ಸ್ವಲ್ಪವೇ ಬೀಸಿಸಿಕೊಳ್ಳಿ." ಆಮೇಲೆ ಸ್ವರ ತಗ್ಗಿಸಿ, "ಹುಳ ಬೆಳೆದ ಮೇಲೆ ಹಿಟ್ಟಿನಲ್ಲಿ ಕೂರುವುದಿಲ್ಲ, ಮೇಲೆ ಹತ್ತಿ ಗೂಡು ಕಟ್ಟುತ್ತದೆ. ಮೇಲೆ ನೋಡಿ" ಎಂದರು. ಹೋಗುವಾಗ ತಲೆಯೆತ್ತಿ ಇನ್ನೊಮ್ಮೆ, "ಮೇಲೆ ನೋಡಿ ಅಕ್ಕ."

ನೋಡಿದೆ. ಮಾಡಿನ ಮೂಲೆ, ಕಪಾಟಿನ ತಲೆ, ಮೊಳೆಯ ತೂತು ಎಲ್ಲವನ್ನೂ ಸಾಬೂನುನೀರಿನಲ್ಲಿ ಒರೆಸಿದೆ. ಬಾಗಿಲ ನೆತ್ತಿಯಲ್ಲಿ ಕಟ್ಟಿದ್ದ ತೆನೆಯನ್ನು ಮಾತ್ರ ಮುಟ್ಟಲಿಲ್ಲ. ಹೊಸ ಅಕ್ಕಿ ಊಟದ ದಿನ ಭತ್ತದ ತೆನೆಯನ್ನು ಮಾವಿನೆಲೆ, ಅಶ್ವತ್ಥದೆಲೆಯಲ್ಲಿ ಸುತ್ತಿ ಕಟ್ಟಿದರೆ ಮುಂದಿನ ವರ್ಷದವರೆಗೆ ಅದು ಮನೆಯ ಲಕ್ಷ್ಮಿ. ಕೈ ಮುಗಿಯುವ ಜಾಗದಲ್ಲಿ ಹುಳ ಹುಡುಕುವವರುಂಟೇ?

ಹಾತೆ ಕಮ್ಮಿಯಾದರೂ ಪೂರ್ತಿ ಹೋಗಲಿಲ್ಲ. ವರ್ಷ ತುಂಬಿ ಹೊಸ ತೆನೆ ಬಂತು. ಹಳೆಯದನ್ನು ಇಳಿಸಿದ್ದು ನಾನೇ. ಒಣಗಿದ ಎಲೆ ಕೈಯಲ್ಲಿ ಬಿಚ್ಚಿಕೊಂಡಿತು. ಒಳಗೆಲ್ಲ ಬಲೆ, ಬಿಳಿ ಬಿಳಿ ಗೂಡು, ತೂತು ಬಿದ್ದ ಭತ್ತ. ಐದಾರು ಹಾತೆಗಳು ನನ್ನ ಮುಖದ ಮೇಲೆಯೇ ಹಾರಿಹೋದವು. ಅದನ್ನು ತೆಂಗಿನಬುಡದಲ್ಲಿ ಹೂತು ಬಂದೆ. ಮತ್ತೆ ಮೊನ್ನೆಯವರೆಗೆ ನಮ್ಮ ಮನೆಯಲ್ಲಿ ಹುಳದ ಸುಳಿವೇ ಇರಲಿಲ್ಲ, ಒಂದೇ ಒಂದು ಹಾತೆ ಹಾರಲಿಲ್ಲ.

ಅವತ್ತೇ ಹೋಗಿ ಪೊರ್ಬುಗಳ ಕಾಲು ಹಿಡಿಯಬೇಕಿತ್ತು. "ತೆನೆಗೆ ಹುಳ ಬಿತ್ತು ಅಂತ ಊರಿಡೀ ಹೇಳಿಕೊಂಡು ಬರ್ತೀಯಾ?" ಎಂದರು ಅತ್ತೆ. ಅತ್ತೆಯ ಮೇಲೆ ಹಾಕಿ ಪಾರಾಗುವುದಿಲ್ಲ ನಾನು. ನನಗೂ ನಾಚಿಕೆಯೇ ದೊಡ್ಡದಾಯಿತು. ನಾಳೆ ಹೇಳುವ ಎಂದುಕೊಂಡೆ... ನಾಡಿದ್ದು ಎಂದುಕೊಂಡೆ. ಜನ ಪ್ಯಾಕೆಟ್ ಹಿಟ್ಟಿಗೆ ತಿರುಗಿದರು. "ಹುಳದ ಮಿಲ್ಲು" ಎಂಬ ಹೆಸರು ಅಂಟಿಯೇಬಿಟ್ಟಿತು. ವಾರಕ್ಕೆ ಎರಡೇ ದಿನ ಯಂತ್ರದ ಸದ್ದು ಕೇಳತೊಡಗಿತು. ಹೋದ ಮಳೆಗಾಲದಲ್ಲಿ ಪೊರ್ಬುಗಳು ತೀರಿಕೊಂಡರು. ಹೆಣ ನೋಡಲಿಕ್ಕೂ ನಾನು ಹೋಗಲಿಲ್ಲ, ಪಾಪಿ.

ಮೊನ್ನೆ ಆ ಡಬ್ಬ ಸುರಿದ ಮೇಲೆ ತಡೆಯಲಾಗಲಿಲ್ಲ. ನಿನ್ನೆ ಮಿಲ್ಲಿನ ಹಿಂದಿನ ಅವರ ಮನೆಗೆ ಹೋಗಿ ಅವರ ಹೆಂಡತಿ ಬಾಯಮ್ಮನೆದುರು ಎಲ್ಲ ಹೇಳಿದೆ. ಬಾಯಮ್ಮ ಎಲ್ಲ ಕೇಳಿಸಿಕೊಂಡು ನನ್ನನ್ನು ಬೆಂಚಿನಲ್ಲಿ ಕೂರಿಸಿದರು.

"ಅವರಿಗೆ ಅಂದೇ ಗೊತ್ತಿತ್ತು. ಹುಳ ಇರುವುದು ತೆನೆಯಲ್ಲಿ ಅಂತ ಮನೆಗೆ ಬಂದು ಹೇಳಿದ್ದರು."

"ಮತ್ತೆ ನನಗೆ ಯಾಕೆ ಹೇಳಲಿಲ್ಲ ಬಾಯಮ್ಮ?"

"ನಿಮ್ಮ ಅತ್ತೆ ಅಲ್ಲೇ ನಿಂತಿದ್ದರಂತೆ. ನಾನು ಬಾಯಿ ಬಿಟ್ಟರೆ ಆ ಸೊಸೆಗೆ ಕಷ್ಟ ಆದೀತು ಅಂದರು. ನಮ್ಮ ಇಗರ್ಜಿಯಲ್ಲಿಯೂ ಹೊಸ ತೆನೆಯ ಹಬ್ಬ ಉಂಟಲ್ಲ, ಅವರಿಗೆ ಅರ್ಥ ಆಗ್ತಿತ್ತು. ಇಳಿಸುವಾಗ ಅವಳೇ ನೋಡ್ತಾಳೆ, ಬಂದು ಹೇಳ್ತಾಳೆ ಅಂತ... ಕೊನೆಯವರೆಗೆ ಹಾಗೇ ಹೇಳುತ್ತಿದ್ದರು."

ಹೊರಗೆ ಬಂದರೆ ಮಿಲ್ಲಿನ ಶಟರಿಗೆ ಬೀಗ. ನಾಲ್ಕು ವರ್ಷ ನಾನು ಕುಂಬಳೆಯ ಬಸ್ಸಿಗೆ ನಿಲ್ಲುತ್ತಿದ್ದದ್ದು ಅದರ ಎದುರಿಗೇ. ಮಳೆ ಬಂದಾಗಲೆಲ್ಲ ಅವರು, "ಒಳಗೆ ಬನ್ನಿ ಅಕ್ಕ" ಎಂದು ಕರೆಯುತ್ತಿದ್ದರು. ಬೇಡ ಪೊರ್ಬುಗಳೇ, ಬಸ್ಸು ಈಗ ಬರ್ತದೆ ಎನ್ನುತ್ತಿದ್ದೆ ನಾನು.