ತೂಕ ಸರಿಯಿದ್ದ ಮಾತ್ರೆ

೨೦೧೪ರ ಮಾರ್ಚ್ ೩, ಸೋಮವಾರ, ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷಕ್ಕೆ, ನೌಕರರ ಚಿಕಿತ್ಸಾಲಯದ ಎರಡನೆಯ ಕಿಟಕಿಯಲ್ಲಿ, ಹನ್ನೊಂದು ವರ್ಷಗಳಿಂದ ಒಂದೇ ಕಂಪನಿಯ ಥೈರಾಯ್ಡ್ ಮಾತ್ರೆ ನುಂಗುತ್ತಿದ್ದ ಮಹಿಳೆಯೊಬ್ಬರ ಕೈಗೆ ಬೇರೊಂದು ಕಂಪನಿಯ ಮಾತ್ರೆಯನ್ನು ಕೊಡಲಾಯಿತು. ಬದಲಾಯಿಸಿದ್ದೇವೆ ಎಂದು ಯಾರೂ ತಾವಾಗಿ ಹೇಳಲಿಲ್ಲ. ಆರು ವಾರ ಬಿಟ್ಟು ರಕ್ತ ಪರೀಕ್ಷೆ ಮಾಡಿಸಿಕೊಳ್ಳಿ ಎಂದೂ ಹೇಳಲಿಲ್ಲ. ಗಂಟೆ ನಿಮಿಷ ನನಗೆ ತಿಳಿದದ್ದು ಚೀಟಿಯ ಮೇಲೆ ಬಿದ್ದ ಮುದ್ರೆಯಿಂದ. ಆ ಚೀಟಿ ಈಗ ನನ್ನ ಮೇಜಿನ ಮೇಲಿದೆ. ಈ ಬರಹದ ಪ್ರತಿಯೊಂದು ದಿನಾಂಕಕ್ಕೂ ನನ್ನಲ್ಲಿ ಕಾಗದವಿದೆ. ಕಾಗದವಿಲ್ಲದ ಕಡೆ ಇಲ್ಲವೆಂದೇ ಹೇಳುತ್ತೇನೆ.

ಆಕೆ ತೂಕ ಮತ್ತು ಅಳತೆ ಇಲಾಖೆಯ ಪ್ರಯೋಗಾಲಯದಲ್ಲಿ ಸೂಕ್ಷ್ಮ ತಕ್ಕಡಿಯ ಮುಂದೆ ಕೂರುತ್ತಿದ್ದವರು. ನಾನು ಅದೇ ಪ್ರಯೋಗಾಲಯದ ಮುಖ್ಯಸ್ಥನಾಗಿದ್ದು ೨೦೧೦ರಲ್ಲಿ ನಿವೃತ್ತನಾದವನು; ಆಕೆಗೆ ಕೆಲಸ ಕಲಿಸಿದವನು. ಅಲ್ಲಿನ ಎಲ್ಲರ ಬಾಯಲ್ಲೂ ಆಕೆ ತಕ್ಕಡಿಯಕ್ಕ. ಅಂಗಡಿಯ ತೂಕದ ಬಟ್ಟನ್ನು ಇನ್ಸ್‌ಪೆಕ್ಟರು ಪರೀಕ್ಷಿಸುತ್ತಾರೆ, ಇನ್ಸ್‌ಪೆಕ್ಟರ ಬಟ್ಟನ್ನು ತಕ್ಕಡಿಯಕ್ಕ ಪರೀಕ್ಷಿಸುತ್ತಿದ್ದರು. ಆ ಕೋಣೆಗೆ ಕಿಟಕಿಯಿಲ್ಲ, ಫ್ಯಾನಿಲ್ಲ, ಒಂದರ ಹಿಂದೆ ಒಂದರಂತೆ ಎರಡು ಬಾಗಿಲು. ಬೀದಿಯಲ್ಲಿ ಲಾರಿ ಹೋದರೂ ಅದುರದಂತೆ ಕಲ್ಲಿನ ಮೇಜನ್ನು ಬೇರೆಯೇ ತಳಪಾಯದ ಮೇಲೆ ಕೂರಿಸಲಾಗಿದೆ. ಬಟ್ಟನ್ನು ಕೈಯಿಂದ ಮುಟ್ಟುವಂತಿಲ್ಲ, ಬೆರಳಿನ ಬೆವರಿಗೂ ತೂಕವಿದೆ. ಚಿಮ್ಮಟದಲ್ಲಿ ಹಿಡಿದು ತಟ್ಟೆಯ ನಡುಮಧ್ಯದಲ್ಲಿಟ್ಟು, ಗಾಜಿನ ಬಾಗಿಲು ಮುಚ್ಚಿ, ಅಂಕಿ ನಿಲ್ಲುವವರೆಗೆ ಕಾಯಬೇಕು. ಅಷ್ಟು ಹೊತ್ತೂ ಆಕೆ ಉಸಿರು ಹಿಡಿದಿರುತ್ತಿದ್ದರು. "ಅಕ್ಕ ಉಸಿರು ಬಿಟ್ರು ಅಂದ್ರೆ ಅಂಕಿ ಬಂತು ಅಂತ, ನಾವು ಚಹಾಕ್ಕೆ ಹೋಗಬಹುದು" ಎಂದು ಕಿರಿಯರು ನಗುತ್ತಿದ್ದರು. ಇಪ್ಪತ್ತೆರಡು ವರ್ಷಗಳಲ್ಲಿ ಆಕೆಯ ಎರಡೇ ಎರಡು ವರದಿಗಳನ್ನು ಮರುಪರೀಕ್ಷೆಗೆಂದು ಹಿಂದಕ್ಕೆ ಕಳಿಸಿದ್ದರು. ಎರಡರಲ್ಲೂ ಆಕೆಯದೇ ಸರಿಯೆಂದು ತೀರ್ಮಾನವಾಯಿತು.

ಹೊಸಬರಿಗೆಲ್ಲ ನಾನು ಒಂದು ನಿಯಮ ಕಲಿಸುತ್ತಿದ್ದೆ: ಅಂಕಿ ತಪ್ಪಿದರೆ ಮೊದಲು ನಿನ್ನ ಕೈಯನ್ನು ಅನುಮಾನಿಸು, ಆಮೇಲೆ ತಕ್ಕಡಿಯನ್ನು, ಎಲ್ಲಕ್ಕಿಂತ ಕೊನೆಗೆ ಮುದ್ರೆ ಬಿದ್ದ ಬಟ್ಟನ್ನು. ಬಹಳ ಮಂದಿ ಅದನ್ನು ಪರೀಕ್ಷೆಗಾಗಿ ಉರುಹೊಡೆದರು. ತಕ್ಕಡಿಯಕ್ಕ ಅದನ್ನು ನಂಬಿದರು. ಆಕೆಗೆ ಆದ ಹಾನಿಯ ಅರ್ಧಭಾಗ ಈ ನಂಬಿಕೆಯಿಂದ ಆಯಿತು.

೨೦೦೩ರಲ್ಲಿ, ಆಕೆಯ ನಲವತ್ತಾರನೆಯ ವಯಸ್ಸಿನಲ್ಲಿ, ಕತ್ತಿನಲ್ಲಿ ಗಂಟು ಕಾಣಿಸಿಕೊಂಡು ಥೈರಾಯ್ಡ್ ಗ್ರಂಥಿಯನ್ನೇ ತೆಗೆದುಹಾಕಿದ್ದರು. ಅಂದಿನಿಂದ ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ನೂರ ಇಪ್ಪತ್ತೈದು ಮೈಕ್ರೋಗ್ರಾಮಿನ ಒಂದು ಮಾತ್ರೆ. ಗ್ರಂಥಿ ಇರುವವರ ದೇಹ ಸಣ್ಣ ಹೆಚ್ಚುಕಡಿಮೆಯನ್ನು ತಾನೇ ಸರಿದೂಗಿಸಿಕೊಂಡೀತು. ಆಕೆಯ ದೇಹಕ್ಕೆ ಆ ಮಾತ್ರೆಯ ಹೊರತು ಬೇರೆ ಗತಿಯಿರಲಿಲ್ಲ.

ಆ ಸೋಮವಾರ ಕಿಟಕಿಯಲ್ಲಿ ನಡೆದ ಮಾತಿಗೆ ಕಾಗದವಿಲ್ಲ. ಆಕೆ ಹೇಳಿದ್ದನ್ನು ಬರೆಯುತ್ತಿದ್ದೇನೆ.

"ಇದು ನನ್ನ ಮಾತ್ರೆ ಅಲ್ವಲ್ಲ. ಡಬ್ಬಿ ಬಣ್ಣಾನೇ ಬೇರೆ."

"ಬಣ್ಣ ನುಂಗ್ತೀರಾ, ಮಾತ್ರೆ ನುಂಗ್ತೀರಾ?" ಎಂದರು ಔಷಧ ಕೊಡುವವರು. "ನೂರ ಇಪ್ಪತ್ತೈದು ಅಂತ ಅಚ್ಚು ಹಾಕಿದಾರೆ ನೋಡಿ. ಆಗಲೂ ನೂರ ಇಪ್ಪತ್ತೈದು, ಈಗಲೂ ನೂರ ಇಪ್ಪತ್ತೈದು. ಸ್ವಲ್ಪ ಜರುಗಿಯಮ್ಮ, ಹಿಂದೆ ಜನ ಇದಾರೆ."

"ಬಟ್ಟೆ ಅಂಗಡಿ ಅಂದ್ಕೊಂಡಿದಾರೆ ಪಾಪ, ಬಣ್ಣ ಆರಿಸ್ತಾ ಇದಾರೆ" ಎಂದು ಸಾಲಿನಲ್ಲಿ ಯಾರೋ ಅಂದರು. ಉಳಿದವರು ನಕ್ಕರು. ಅಚ್ಚಾದ ಅಂಕಿಯನ್ನು ಕಂಡ ಮೇಲೆ ತಕ್ಕಡಿಯಕ್ಕ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡರು.

ಮೂರನೆಯ ವಾರಕ್ಕೆ ಕಚೇರಿಯ ಹದಿನಾಲ್ಕು ಮೆಟ್ಟಿಲು ಹತ್ತುವಷ್ಟರಲ್ಲಿ ಎದೆ ಹೊಡೆದುಕೊಳ್ಳತೊಡಗಿತು. ಎಲ್ಲರೂ ಸ್ವೆಟರ್ ಹಾಕಿಕೊಂಡು ಕೂತ ಯಂತ್ರದಿಂದ ತಣ್ಣಗಿರಿಸಿದ ಆ ಕೋಣೆಯಲ್ಲಿ ಆಕೆ ಮಾತ್ರ ಬೆವರುತ್ತಿದ್ದರು. ಹೊಟ್ಟೆತುಂಬ ಉಂಡರೂ ಮೈ ಇಳಿಯಿತು. ಕೈಗಡಿಯಾರದ ಪಟ್ಟಿ ಎರಡು ತೂತು ಒಳಕ್ಕೆ ಹೋಯಿತು. ನಿದ್ದೆ ಬಿಟ್ಟುಹೋಯಿತು. ಏಪ್ರಿಲ್ ಮೊದಲ ವಾರ ಒಂದು ಬೆಳಿಗ್ಗೆ ಅಡುಗೆಮನೆಯಲ್ಲಿ ಆಕೆ ಕೈಚಾಚಿ, ಬೆರಳುಗಳ ಮೇಲೆ ಒಂದು ತೆಳುವಾದ ಕಾಗದ ಇಟ್ಟುಕೊಂಡು ನೋಡಿದರು. ಕಾಗದದ ಅಂಚು ಪಟಪಟನೆ ಅದುರಿತು.

ಗಂಡ ನಗರದ ಬಸ್ ಚಾಲಕ, ಹಾಸ್ಯದ ಮನುಷ್ಯ. "ಏನೇ ಇದು, ನನ್ನ ಬಸ್ಸು ಕೂಡ ಇಷ್ಟು ನಡುಗಲ್ಲ ಕಣೇ. ಅದಕ್ಕೆ ಇಪ್ಪತ್ತು ವರ್ಷ ಆಯ್ತು."

"ನಗಬೇಡಿ ರೀ. ನಾಳೆ ಈ ಕೈಲಿ ಚಿಮ್ಮಟ ಹಿಡೀಬೇಕು."

"ಹಿಡಿ. ಬಟ್ಟು ತಾನೇ ಕುಣಿದುಕೊಂಡು ಹೋಗಿ ತಟ್ಟೇಲಿ ಕೂತ್ಕೊಳ್ಳುತ್ತೆ."

ಏಪ್ರಿಲ್ ೧೧, ಶುಕ್ರವಾರ, ಆಕೆ ಚಿಕಿತ್ಸಾಲಯದ ವೈದ್ಯರ ಮುಂದೆ ಕೂತರು. ಭೇಟಿ ನಡೆದದ್ದು ನಾಲ್ಕು ನಿಮಿಷ. ವೈದ್ಯರು ಕತ್ತಿನ ಗಾಯದ ಗುರುತನ್ನು ನೋಡಲಿಲ್ಲ, ನಾಡಿ ಹಿಡಿಯಲಿಲ್ಲ.

"ವಯಸ್ಸೆಷ್ಟು?"

"ಐವತ್ತೇಳು."

"ಐವತ್ತೇಳಕ್ಕೆ ಕೈ ನಡುಗದೆ ಇನ್ನೇನು ವೀಣೆ ನುಡಿಸುತ್ತಾ?"

"ಹೊಸ ಮಾತ್ರೆ ಶುರುವಾದ ಮೇಲೇನೇ ಡಾಕ್ಟ್ರೇ. ಒಂದ್ಸಲ ರಕ್ತ ನೋಡಿದ್ರೆ…"

"ಜನವರೀಲಿ ನೋಡಿದೆ, ಇನ್ನು ಜುಲೈಗೇ. ಆರು ತಿಂಗಳಿಗೊಂದು ಅಂತ ನಿಯಮ. ಅದೇ ಔಷಧ, ಅದೇ ಪ್ರಮಾಣ. ನಿಮ್ಮ ಹತ್ರ ದೊಡ್ಡ ತಕ್ಕಡಿ ಇದೆಯಲ್ಲಮ್ಮ, ನಂಬಿಕೆ ಇಲ್ದಿದ್ರೆ ತೂಗಿ ನೋಡ್ಕೊಳ್ಳಿ ಹೋಗಿ!"

ಚೀಟಿಯಲ್ಲಿ 'ಆತಂಕ' ಎಂದು ಒಂದೇ ಪದ ಬರೆದು ಮುಂದಿನವರನ್ನು ಕರೆದರು.

ವೈದ್ಯರು ಆಡಿದ್ದು ಕುಚೋದ್ಯ. ತಕ್ಕಡಿಯಕ್ಕ ಅದನ್ನು ಸೂಚನೆಯೆಂದು ತೆಗೆದುಕೊಂಡರು. ಏಪ್ರಿಲ್ ೧೫, ಮಂಗಳವಾರ, ಊಟದ ವಿರಾಮದಲ್ಲಿ, ಕೈಚೀಲದಲ್ಲಿ ಉಳಿದಿದ್ದ ಹಳೆಯ ಕಂಪನಿಯ ಆರು ಮಾತ್ರೆಗಳನ್ನೂ ಹೊಸ ಕಂಪನಿಯ ಹತ್ತು ಮಾತ್ರೆಗಳನ್ನೂ ತೂಗಿದರು. ಕೈ ನಡುಗುತ್ತಿದ್ದುದರಿಂದ ಒಂದೊಂದನ್ನೂ ಮೂರು ಮೂರು ಸಲ ತೂಗಿದರು. ಹೊಸ ಮಾತ್ರೆಗಳ ತೂಕ ಒಂದಕ್ಕೊಂದು ಎಷ್ಟು ಸರಿಹೊಂದಿತೆಂದರೆ ಆಕೆಗೆ ನಾಚಿಕೆಯಾಯಿತು. ಇಲಾಖೆಯ ನಮೂನೆಯಲ್ಲಿ ಹದಿನಾರು ಸಾಲು ಅಂಕಿ ಬರೆದು, ಕೊನೆಯಲ್ಲಿ 'ದೋಷ ಕಂಡುಬಂದಿಲ್ಲ' ಎಂದು ಸೇರಿಸಿ, ಸಹಿ ಹಾಕಿ, ವೈದ್ಯರಿಗೆ ತಾವೇ ಒಯ್ದು ಕೊಟ್ಟರು. ಸುಮ್ಮನೆ ಅನುಮಾನಿಸಿದ್ದಕ್ಕೆ ಕ್ಷಮೆಯನ್ನೂ ಕೇಳಿದರು. ಆ ಸಂಜೆ ನನಗೆ ಫೋನ್ ಮಾಡಿ, "ಸಾರ್, ಕೈಯೇ ಕೆಟ್ಟಿರೋದು, ಮಾತ್ರೆ ಅಲ್ಲ" ಎಂದರು. "ಕ್ರಮವಾಗಿ ಮಾಡಿದ್ದೀರಿ" ಎಂದು ನಾನು ಹೊಗಳಿದೆ. ಇದಕ್ಕೂ ಕಾಗದವಿಲ್ಲ, ಆದರೆ ಮರೆಯುವಂತಿಲ್ಲ.

ನಮ್ಮಿಬ್ಬರ ಹೊರತು ಬೇರಾರೂ ಮಾಡಲಾರದ ತಪ್ಪು ಅದು. ನೂರು ಮಿಲಿಗ್ರಾಂ ತೂಗುವ ಮಾತ್ರೆಯಲ್ಲಿ ಔಷಧವಿರುವುದು ಎಂಟುನೂರರಲ್ಲಿ ಒಂದು ಪಾಲು. ಮಿಕ್ಕದ್ದೆಲ್ಲ ಅದನ್ನು ಹಿಡಿದಿಡುವ ಹಿಟ್ಟು, ಪುಡಿ. ತಕ್ಕಡಿ ತೂಗಿದ್ದು ಆ ಹಿಟ್ಟನ್ನು. ಔಷಧ ಕೊಂಚ ಹೆಚ್ಚಿದೆಯೋ, ಆ ಹಿಟ್ಟಿನಿಂದ ಬಿಡಿಸಿಕೊಂಡು ರಕ್ತಕ್ಕೆ ಹೆಚ್ಚಾಗಿ ಸೇರುತ್ತಿದೆಯೋ, ಜಗತ್ತಿನ ಯಾವ ತಕ್ಕಡಿಯೂ ಹೇಳದು. ಅದನ್ನು ಹೇಳುವುದು ರಕ್ತ. ಹೊಸ ಕಂಪನಿ ಮೋಸ ಮಾಡಿತೆಂದು ನಾನು ಹೇಳುತ್ತಿಲ್ಲ. ಅದಕ್ಕೆ ನನ್ನಲ್ಲಿ ಆಧಾರವಿಲ್ಲ. ಎರಡು ಕಂಪನಿಗಳೂ ಕಾನೂನಿನ ಮಿತಿಯೊಳಗೇ ಇದ್ದಿರಬಹುದು. ಒಂದರಿಂದ ಇನ್ನೊಂದಕ್ಕೆ ಹೊರಳಿಸಿದ ಮೇಲೆ ರಕ್ತ ನೋಡಬೇಕೆಂಬುದು ವೈದ್ಯರಿಗೆ ಗೊತ್ತಿರಬೇಕಾದದ್ದು, ತೂಗುವವಳಿಗಲ್ಲ.

ಮೇ ೨, ಶುಕ್ರವಾರ, ಪ್ರಯೋಗಾಲಯದ ಸ್ವಂತ ಮೂಲ ಬಟ್ಟುಗಳಲ್ಲಿ ಎರಡು ಗ್ರಾಮಿನದೊಂದು ಆಕೆಯ ಚಿಮ್ಮಟದಿಂದ ಜಾರಿ ಕಲ್ಲಿನ ಮೇಲೆ ಬಿತ್ತು. ಅಂಚು ನಗ್ಗಿತು. ನಗ್ಗಿದ ಬಟ್ಟು ಮುಂದೆ ಯಾವುದಕ್ಕೂ ಸಾಕ್ಷಿಯಾಗಲಾರದು. ನನ್ನ ನಂತರ ಬಂದ ಮುಖ್ಯಸ್ಥರು ಅಲ್ಲಿಗೆ ಬಂದರು. ಮುಂದಿನ ಮಾತು ಅಲ್ಲಿದ್ದ ಇಬ್ಬರು ನೌಕರರು ಬೇರೆಬೇರೆಯಾಗಿ ಹೇಳಿ ತಾಳೆಯಾದದ್ದು.

"ಬೆಳಿಗ್ಗೆ ಬೆಳಿಗ್ಗೆನೇ ಹಾಕ್ಕೊಂಡು ಬಂದಿದೀರೇನ್ರೀ?"

"ಇಲ್ಲ ಸಾರ್. ಮಾತ್ರೆ ಕಂಪನಿ ಬದಲಾದ ಮೇಲೆ ಮೈಯೇ ಹೀಗಾಗಿದೆ ಸಾರ್."

ಮುಖ್ಯಸ್ಥರು ಚಿಕಿತ್ಸಾಲಯಕ್ಕೆ ಫೋನ್ ಮಾಡಿದರು. ಹತ್ತು ನಿಮಿಷದಲ್ಲಿ ಫ್ಯಾಕ್ಸ್ ಬಂತು: ಆಕೆಯದೇ ವರದಿ, ಹದಿನಾರು ಸಾಲು, ಕೆಳಗೆ ಆಕೆಯದೇ ಸಹಿ. ಅದನ್ನು ಎಲ್ಲರೆದುರು ಗಟ್ಟಿಯಾಗಿ ಓದಿದರು.

"ದೋಷ ಕಂಡುಬಂದಿಲ್ಲ. ಯಾರ ಅಕ್ಷರ ಇದು?"

"ನಂದೇ."

"ಹಾಗಾದ್ರೆ ಈ ವರದಿ ಸುಳ್ಳಾ?"

ಸುಳ್ಳು ಎಂದಿದ್ದರೆ ಆಕೆ ಬಚಾವಾಗುತ್ತಿದ್ದರೇನೋ. ಇಪ್ಪತ್ತೆರಡು ವರ್ಷಗಳಲ್ಲಿ ಒಂದು ವರದಿಯನ್ನೂ ಹಿಂತೆಗೆದುಕೊಂಡವರಲ್ಲ. "ಅಂಕಿ ಸರಿಯಾಗಿದೆ ಸಾರ್" ಎಂದರು.

"ಮೊದಲು ಕೈ, ಆಮೇಲೆ ತಕ್ಕಡಿ, ಕೊನೆಗೆ ಬಟ್ಟು. ನಿಮ್ಮ ಗುರುಗಳು ಕಲಿಸಿದ್ದು ಇದೇ ಅಲ್ವಾ?" ಎಂದು ಮುಖ್ಯಸ್ಥರು ನಕ್ಕರು.

ಮೇ ೬ರಂದು ಆಕೆಯ ಸೇವಾ ಪುಸ್ತಕದಲ್ಲಿ ಹೀಗೆ ಬರೆಯಲಾಯಿತು: 'ಕೈ ಸ್ಥಿಮಿತದಲ್ಲಿಲ್ಲ. ಸೂಕ್ಷ್ಮ ತೂಕಕ್ಕೆ ಅನರ್ಹರು.' ಮರುದಿನದಿಂದ ನೆಲಮಹಡಿಯ ರವಾನೆ ವಿಭಾಗದಲ್ಲಿ, ಬೇರೆಯವರು ತೂಗಿದ ಬಟ್ಟುಗಳ ಪೆಟ್ಟಿಗೆಗೆ ವಿಳಾಸದ ಚೀಟಿ ಅಂಟಿಸುವ ಕೆಲಸ. ಚೀಟಿ ಸೊಟ್ಟಗೆ ಅಂಟಿದರೆ, "ಅಕ್ಕ, ಉಸಿರು ಹಿಡ್ಕೊಂಡು ಅಂಟಿಸಿ" ಎಂಬ ಕುಹಕ. ತೂಗಿ ನೋಡಿದ ಮೇಲಿನ ಎರಡೂ ತಿಂಗಳು ಆಕೆ ಮಾತ್ರೆಯನ್ನು ಒಂದು ದಿನವೂ ತಪ್ಪಿಸಲಿಲ್ಲ. ದೋಷವಿಲ್ಲವೆಂದು ತಾವೇ ಬರೆದುಕೊಟ್ಟಿದ್ದ ಮಾತ್ರೆಯಲ್ಲವೇ!

ಜೂನ್ ೧೬, ಸೋಮವಾರ, ಅದೇ ಹದಿನಾಲ್ಕು ಮೆಟ್ಟಿಲುಗಳ ನಡುವೆ ಆಕೆ ಕುಸಿದುಬಿದ್ದರು. ದೊಡ್ಡಾಸ್ಪತ್ರೆಯ ತುರ್ತು ವಿಭಾಗದಲ್ಲಿ ಕಿರಿಯ ವೈದ್ಯೆಯೊಬ್ಬರು ಕತ್ತಿನ ಗಾಯದ ಗುರುತನ್ನು ನೋಡಿ ಗಂಡನನ್ನು ಕೇಳಿದ ಮೊದಲ ಪ್ರಶ್ನೆ: "ಮಾತ್ರೆ ಕಂಪನಿ ಏನಾದ್ರೂ ಬದಲಾಗಿದೆಯಾ?" ರಕ್ತದಲ್ಲಿ ಟಿಎಸ್ಎಚ್ ಎಂಬ ಅಂಶ ಅಳತೆಗೇ ಸಿಗದಷ್ಟು ಇಳಿದಿತ್ತು, ಎಂದರೆ ಮೈಯಲ್ಲಿ ಥೈರಾಯ್ಡ್ ಔಷಧ ಮಿತಿಮೀರಿತ್ತು. ಹೃದಯದ ಬಡಿತ ತಾಳ ತಪ್ಪಿತ್ತು.

"ಮೂವತ್ತು ವರ್ಷ ಇಂಜಿನ್ ಸದ್ದು ಕೇಳಿದವನು ಸಾರ್ ನಾನು" ಎಂದು ಗಂಡ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ನನಗೆ ಹೇಳಿದರು. "ನಿಂತ ಗಾಡಿ ಸುಮ್ಮನೆ ರೇಸ್ ಆಗ್ತಾ ಇದ್ರೆ ಡಿಪೋಗೆ ಹಾಕ್ತೀವಿ. ಮನೇಲಿ ರೇಸ್ ಆಗ್ತಾ ಇತ್ತು, ನಾನು ನಗೆಚಾಟಿಕೆ ಮಾಡ್ಕೊಂಡು ಕೂತಿದ್ದೆ."

ವೈದ್ಯೆ ಹಳೆಯ ಕಂಪನಿಯ ಮಾತ್ರೆಗೇ ಮರಳಿಸಿದರು. ಆರಾರು ವಾರಕ್ಕೆ ರಕ್ತ ನೋಡಿದರು. ಸೆಪ್ಟೆಂಬರ್ ಹೊತ್ತಿಗೆ ಬೆರಳ ಮೇಲಿಟ್ಟ ಕಾಗದ ಅಲುಗಾಡದೆ ನಿಂತಿತು. ಹೃದಯ ಮಾತ್ರ ತಾಳಕ್ಕೆ ಮರಳಲಿಲ್ಲ. ರಕ್ತ ಹೆಪ್ಪುಗಟ್ಟದಂತೆ ಇನ್ನೊಂದು ಮಾತ್ರೆ, ಅದು ಬದುಕಿರುವವರೆಗೆ. ಸೆಪ್ಟೆಂಬರ್ ೨೨ರಂದು ಆಕೆ ರಕ್ತ ಪರೀಕ್ಷೆಯ ವರದಿಗಳನ್ನು ಲಗತ್ತಿಸಿ, ಸೇವಾ ಪುಸ್ತಕದ ಆ ಸಾಲನ್ನು ಹೊಡೆದುಹಾಕಿ ತಕ್ಕಡಿಗೆ ಮರಳಿಸಬೇಕೆಂದು ಅರ್ಜಿ ಕೊಟ್ಟರು. ಅಕ್ಟೋಬರ್ ೧೭ರ ಉತ್ತರ ಎರಡೇ ಸಾಲು: 'ಮಾತ್ರೆಯನ್ನು ಅರ್ಜಿದಾರರೇ ಪರೀಕ್ಷಿಸಿ ದೋಷವಿಲ್ಲವೆಂದು ಪ್ರಮಾಣೀಕರಿಸಿರುತ್ತಾರೆ. ಅರ್ಜಿ ತಿರಸ್ಕೃತ.' ೨೦೧೫ರಲ್ಲೊಂದು, ಈ ವರ್ಷವೊಂದು ಅರ್ಜಿ ಹೋಯಿತು. ದಿನಾಂಕದ ಹೊರತು ಉತ್ತರ ಬದಲಾಗಲಿಲ್ಲ.

ಕಳೆದ ವಾರ ನಾನೇ ಮುಖ್ಯಸ್ಥರನ್ನು ಕಂಡೆ. "ಇನ್ನೇನು ಅವರ ನಿವೃತ್ತಿ ಬಂತಲ್ಲ ಸಾರ್, ಈಗ ಯಾಕೆ ಕೆದಕೋದು? ಬೀಳ್ಕೊಡುಗೆಗೆ ಚೆನ್ನಾಗಿರೋ ಹಿತ್ತಾಳೆ ತಕ್ಕಡಿ ಮಾಡಿಸ್ತಾ ಇದೀವಿ, ಗಾಜಿನ ಪೆಟ್ಟಿಗೇಲಿ" ಎಂದರು. ಅದನ್ನು ತಕ್ಕಡಿಯಕ್ಕನಿಗೆ ಹೇಳುವ ಧೈರ್ಯ ನನಗೆ ಬರಲಿಲ್ಲ. ಆಕೆ ಕೇಳಿದ್ದು ಒಂದೇ ಪ್ರಶ್ನೆ: "ಆ ಸಾಲು ಹಾಗೇ ಇರುತ್ತಾ ಸಾರ್?"

ಇಂದು ೨೦೧೬ರ ಅಕ್ಟೋಬರ್ ೩. ಆಕೆಯ ನಿವೃತ್ತಿ ನವೆಂಬರ್ ೩೦ಕ್ಕೆ. ವಾರಕ್ಕೆ ಐದರಂತೆ ಎಣಿಸಿದರೆ ನಾಳೆಯಿಂದ ನಲವತ್ತೆರಡು ಕೆಲಸದ ದಿನಗಳಿವೆ.

ಚಿಕಿತ್ಸಾಲಯದ ವೈದ್ಯರೇ, ತೂಕದಿಂದ ಔಷಧದ ಬಲ ತಿಳಿಯದೆಂದು ನಿಮಗೆ ಗೊತ್ತಿತ್ತು. ಗೊತ್ತಿದ್ದೂ ಆ ವರದಿಯನ್ನು ಕಳಿಸಿಕೊಟ್ಟಿರಿ. ಅದು ಏನನ್ನೂ ಸಾಬೀತು ಮಾಡದೆಂದು ನಿಮ್ಮ ಕೈಯಾರೆ ಬರೆದು ಸಹಿ ಹಾಕಿ ಕೊಡಿ. ಇನ್ನು ಮುಂದೆ ನಿಮ್ಮ ಕಿಟಕಿಯಲ್ಲಿ ಥೈರಾಯ್ಡ್ ಮಾತ್ರೆಯ ಕಂಪನಿ ಬದಲಾದರೆ ರೋಗಿಗೆ ಬಾಯಿಬಿಟ್ಟು ಹೇಳಿ, ಆರು ವಾರಕ್ಕೆ ರಕ್ತ ನೋಡಿ. ನಿಮ್ಮ ಆರು ತಿಂಗಳ ನಿಯಮವನ್ನು ಹೃದಯ ಓದಿಕೊಂಡಿರುವುದಿಲ್ಲ.

ಪ್ರಯೋಗಾಲಯದ ಮುಖ್ಯಸ್ಥರೇ, ಹಿತ್ತಾಳೆಯ ತಕ್ಕಡಿ ಬೇಡ. ಈ ನಲವತ್ತೆರಡರಲ್ಲಿ ಯಾವುದಾದರೊಂದು ದಿನ ಆಕೆಯನ್ನು ಆ ಕಲ್ಲಿನ ಮೇಜಿನ ಮುಂದೆ ಕೂರಿಸಿ, ಹತ್ತು ಬಟ್ಟು ತೂಗಿಸಿ. ಕೊನೆಯ ಅಂಕಿ ಒಂದರಲ್ಲಿ ತಪ್ಪಿದರೂ ನಾನು ಮತ್ತೆ ಲೇಖನಿ ಮುಟ್ಟುವುದಿಲ್ಲ. ತಪ್ಪದಿದ್ದರೆ ಆ ಸಾಲನ್ನು ಅದೇ ದಿನ, ಅಂದು ಆಕೆಯ ವರದಿಯನ್ನು ಎಷ್ಟು ಜನರೆದುರು ಓದಿದಿರೋ ಅಷ್ಟೇ ಜನರೆದುರು, ಹೊಡೆದುಹಾಕಿ. ಸಾಕ್ಷಿಗಳನ್ನು ನೀವೇ ಕರೆಯಿರಿ, ಬಟ್ಟುಗಳನ್ನು ನೀವೇ ಆರಿಸಿ. ಚಿಮ್ಮಟವನ್ನು ಮಾತ್ರ ಆಕೆಯ ಕೈಗೆ ಕೊಡಿ.